ಥೈರಾಯ್ಡ್ ಆಪರೇಷನ್ ಆಯ್ತು, ಇನ್ನು ಟಿಜಿ ರಿಪೋರ್ಟ್ ನೋಡುವುದು ಹೇಗೆ?

ಡೊಂಬಿವಲಿಯಲ್ಲಿರುವ ನಮ್ಮ ಅಕ್ಕನಿಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತು. ಗ್ರಂಥಿ ಪೂರ್ತಿ ತೆಗೆದು, ಮುಂಬೈನ ಪರೇಲಿನಲ್ಲಿ ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ಔಷಧ) ಕೊಟ್ಟಿದ್ದೂ ಆಯ್ತು. ಈಗ ಆಗಾಗ ರಕ್ತ ಪರೀಕ್ಷೆ ಅಷ್ಟೇ. ರಿಪೋರ್ಟ್ ವಾಟ್ಸ್‌ಆ್ಯಪ್‌ಗೆ ಬಂದ ಕೂಡಲೇ ಮನೆಯವರೆಲ್ಲ ಒಂದೇ ಅಂಕಿ ಹುಡುಕುತ್ತಾರೆ. ಎಡವುವುದು ಅಲ್ಲೇ.

ಆ ಅಂಕಿ ಥೈರೋಗ್ಲೋಬುಲಿನ್‌ನದು, ಅಂದರೆ ಟಿಜಿ. ಈ ಪ್ರೋಟೀನನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶಗಳು, ಆ ಕೋಶಗಳಿಂದಲೇ ಹುಟ್ಟಿದ ಕ್ಯಾನ್ಸರ್ ಕೂಡ. ಗ್ರಂಥಿಯೇ ಇಲ್ಲದ ಮೇಲೆ ಅದು ಏರುತ್ತಾ ಹೋದರೆ ಎಲ್ಲೋ ಏನೋ ಉಳಿದಿದೆ ಅಂತ ಅನುಮಾನ. ಅರ್ಧ ಗ್ರಂಥಿ ಮಾತ್ರ ತೆಗೆಸಿದವರಿಗೆ ಈ ಲೆಕ್ಕ ಸರಿ ಹೊಂದುವುದಿಲ್ಲ, ಉಳಿದರ್ಧ ಟಿಜಿ ಮಾಡುತ್ತಲೇ ಇರುತ್ತದಲ್ವಾ.

ಮೊದಲನೆಯದು, ಆಪರೇಷನ್ ಮುಗಿದ ಮರುವಾರವೇ ಲ್ಯಾಬಿಗೆ ಓಡಬೇಡಿ. ಹಳೆಯ ಟಿಜಿ ಇಳಿಯಬೇಕು, ಸಾಮಾನ್ಯವಾಗಿ 6ರಿಂದ 12 ವಾರ ಬಿಟ್ಟು ನೋಡುತ್ತಾರೆ.

ಎರಡನೆಯದು ಬಯೋಟಿನ್. ಕೂದಲು ಉದುರುತ್ತೆ ಅಂತ ಮೆಡಿಕಲ್‌ನಿಂದ ಸುಮ್ನೆ ತಂದು ನುಂಗುವ ಮಾತ್ರೆ ಇದೆಯಲ್ಲ, ಅದು ಕೆಲವು ಮಷಿನ್‌ಗಳಲ್ಲಿ ಟಿಜಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ, ಜಾಸ್ತಿ ಡೋಸ್ ಇದ್ದರೆ ಡಾಕ್ಟರನ್ನು ಕೇಳಿ. ಗ್ರಂಥಿಯ ಹಾರ್ಮೋನಿನ ಬದಲಿಗೆ ದಿನಾ ನುಂಗುವ ಥೈರಾಕ್ಸಿನ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮೂರನೆಯದೇ ಮುಖ್ಯ. ಚೀಟಿಯಲ್ಲಿ ಟಿಜಿ, ಆಂಟಿ-ಟಿಜಿ, ಟಿಎಸ್‌ಎಚ್ ಮೂರೂ ಇರಲಿ. ಆಂಟಿ-ಟಿಜಿ ಅಂದರೆ ಟಿಜಿಗೆ ವಿರುದ್ಧವಾಗಿ ದೇಹ ಮಾಡುವ ಪ್ರತಿಕಾಯ, ಟಿಎಸ್‌ಎಚ್ ಅಂದರೆ ಥೈರಾಯ್ಡ್ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್. ಆಂಟಿ-ಟಿಜಿ ಇದ್ದರೆ ಟಿಜಿ ಸುಳ್ಳೇ ಕಡಿಮೆ ಬರಬಹುದು, ಆಗ ಆಂಟಿ-ಟಿಜಿ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದನ್ನೇ ನೋಡಬೇಕು. ಟಿಎಸ್‌ಎಚ್ ಏರಿದರೆ ಟಿಜಿಯೂ ಏರಬಹುದು. ಗ್ರಂಥಿ ಪೂರ್ತಿ ತೆಗೆದು ಅಯೋಡಿನ್ ಕೊಟ್ಟಾಗಿದೆ, ಥೈರಾಕ್ಸಿನ್ ಮಾತ್ರೆ ನಡೆಯುತ್ತಿದೆ, ಟಿಜಿ 0.2 ng/mLಗಿಂತ ಕಡಿಮೆ, ಆಂಟಿ-ಟಿಜಿ ಇಲ್ಲ, ಕತ್ತಿನ ಸೋನೋಗ್ರಫಿಯೂ ಸರಿ ಇದೆ ಅಂದರೆ ನೆಮ್ಮದಿಯಾಗಿರಬಹುದು. ಮೆಡ್ಯುಲರಿ ಅನ್ನುವ ಬೇರೆ ಬಗೆಯ ಥೈರಾಯ್ಡ್ ಕ್ಯಾನ್ಸರಿಗೆ ಟಿಜಿ ಉಪಯೋಗವಿಲ್ಲ, ಅದಕ್ಕೆ ನೋಡುವುದು ಕ್ಯಾಲ್ಸಿಟೋನಿನ್ ಮತ್ತು ಸಿಇಎ ಅನ್ನುವ ಬೇರೆ ರಕ್ತ ಪರೀಕ್ಷೆಗಳನ್ನು.

ಇನ್ನು ಲ್ಯಾಬ್ ಬದಲಿಸಬೇಡಿ. ಒಂದು ಮಳೆಗಾಲ ಲೋಕಲ್ ರೈಲು ನಿಂತುಹೋಗಿ, ಅಕ್ಕ ಮನೆ ಹತ್ತಿರವೇ ರಕ್ತ ಕೊಟ್ಟಳು. ಅಂಕಿ ಹಿಂದಿನದಕ್ಕಿಂತ ಜಾಸ್ತಿ ಬಂತು, ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಲ್ಯಾಬ್ ಅದೇನಾ?" ಹಳೆಯ ಲ್ಯಾಬಿನಲ್ಲಿ ಮತ್ತೆ ಮಾಡಿಸಿದಾಗ ಹಿಂದಿನಷ್ಟೇ ಇತ್ತು.

ಈಗ ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ತಾರೀಖು, ಲ್ಯಾಬ್, ಮೂರು ಅಂಕಿ, ಮಾತ್ರೆಯ ಡೋಸ್. ಕೊನೆಯ ಸಾಲು ಮಾತ್ರೆ ತಪ್ಪಿದ ದಿನಗಳಿಗೆ. ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಡಬ್ಬಿ ಡೊಂಬಿವಲಿಯಲ್ಲೇ ಮರೆತ 4 ದಿನವೂ ಅದರಲ್ಲಿದೆ.