ಎಣ್ಣೆ ಡಬ್ಬದಿಂದ ಶುರು ಮಾಡಿ, ಕೊಲೆಸ್ಟ್ರಾಲ್ ರಿಪೋರ್ಟ್ ಆಮೇಲೆ ನೋಡೋಣ

ಹೊಸ ಎಣ್ಣೆ ಪ್ಯಾಕೆಟ್ ಕತ್ತರಿಸಿದ ದಿನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ನಮ್ಮ ಯಜಮಾನರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿದ ವರ್ಷದಿಂದ ನಾನು ಬಿಡದೆ ಮಾಡುತ್ತಿರುವ ಕೆಲಸ ಇದು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಆಸುಪಾಸು, ಅಂದರೆ ನಾಲ್ಕು ಜನರ ಮನೆಗೆ 2 ಲೀಟರ್ ಸಾಕು. ಮೊದಲ ತಿಂಗಳು ಲೆಕ್ಕ ನೋಡಿದರೆ ನಮ್ಮಲ್ಲಿ ನಾಲ್ಕೂವರೆ ಲೀಟರ್ ಖಾಲಿ! ದಿನಾ ಬೋಂಡಾ ಕರಿದವರೇನೂ ಅಲ್ಲ ನಾವು. ಒಗ್ಗರಣೆಗೆ, ದೋಸೆ ಸುತ್ತ, ಪಲ್ಯಕ್ಕೆ ಅಂತ ಡಬ್ಬ ಬಗ್ಗಿಸಿ ಬಗ್ಗಿಸಿ ಹಾಕಿದ್ದೇ ಅಷ್ಟಾಗಿತ್ತು. ಈಗ ಏನಿದ್ದರೂ ಚಮಚದ ಲೆಕ್ಕ.

ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ಬರೆದಿದ್ದಾರೆ ಅಂತ ದುಡ್ಡು ಜಾಸ್ತಿ ಕೊಡಬೇಡಿ. ಕಡಲೆಕಾಯಿ, ಸೂರ್ಯಕಾಂತಿ, ತಾಳೆ, ಯಾವ ಎಣ್ಣೆಯಾದರೂ ಗಿಡದಿಂದ ಬಂದದ್ದರಲ್ಲಿ ಅದು ಇರುವುದೇ ಇಲ್ಲ. ನಮ್ಮ ಮೈಯೊಳಗಿನ ಕೊಲೆಸ್ಟ್ರಾಲಿನಲ್ಲಿ ಹೆಚ್ಚಿನದನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ, ಬೆಣ್ಣೆ, ತುಪ್ಪದಲ್ಲಿರುವ ಸ್ಯಾಚುರೇಟೆಡ್ ಕೊಬ್ಬು (ತಣ್ಣಗಾದರೆ ಗಟ್ಟಿಯಾಗುವ ಜಾತಿಯದು) ಜಾಸ್ತಿಯಾದಾಗ, ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು ಲಿವರ್ ವಾಪಸ್ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಉಳಿದದ್ದು ನಿಧಾನವಾಗಿ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ವನಸ್ಪತಿ ಮಾತ್ರ ಮನೆಗೆ ತರಬೇಡಿ. ಎಣ್ಣೆ, ವನಸ್ಪತಿಯಲ್ಲಿ ಹೃದಯಕ್ಕೆ ಇನ್ನೂ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಶೇ 2 ದಾಟಬಾರದು ಅಂತ 2022ರಿಂದ ನಿಯಮವೇ ಇದೆ, ಆದರೂ ನಮಗೆ ಅದರ ಅಗತ್ಯವೇನಿದೆ? ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡ.

ಈಗ ರಿಪೋರ್ಟಿಗೆ ಬರೋಣ. ನಮ್ಮ ನಾದಿನಿ ಕಡ್ಡಿಯಂತೆ ತೆಳ್ಳಗಿದ್ದಾಳೆ, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಹೋದ ವರ್ಷ ಅವಳ ಒಟ್ಟು ಕೊಲೆಸ್ಟ್ರಾಲ್ 190 ಬಂತು. 200ರ ಒಳಗಿದೆ ಅತ್ತಿಗೆ, ಏನೂ ಇಲ್ಲ ಅಂತ ಖುಷಿಯಿಂದ ಫೋನ್ ಮಾಡಿದಳು. ಎಲ್‌ಡಿಎಲ್ ಕೂಡ 92, ನೋಡಲು ಚೆನ್ನಾಗಿಯೇ ಇತ್ತು. ಉಳಿದ ಎರಡು ಸಾಲನ್ನೂ ಓದು ಅಂದೆ. ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, 36. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, 310. ಹೆಂಗಸರಿಗೆ ಎಚ್‌ಡಿಎಲ್ 50ರ ಮೇಲಿರಬೇಕು, ಟ್ರೈಗ್ಲಿಸರೈಡ್ 150ರ ಒಳಗಿರಬೇಕು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಉಳಿಯುವ ಕೆಟ್ಟದ್ದೆಲ್ಲ ಸೇರಿ 130 ದಾಟಬಾರದು. ಅವಳದ್ದು 154. ನಮ್ಮ ಕಡೆ ಈ ಥರದ ರಿಪೋರ್ಟ್ ತುಂಬಾ ಸಾಮಾನ್ಯ, ಜನ ನೋಡದೆ ಬಿಡುವುದೂ ಇದನ್ನೇ. ಅವಳ ಮನೆಯಲ್ಲಿ ತಪ್ಪು ತುಪ್ಪದ್ದಲ್ಲ. ಮೂರು ಹೊತ್ತೂ ಅನ್ನ, ದಿನಕ್ಕೆ ಆರು ಲೋಟ ಸಕ್ಕರೆ ಹಾಕಿದ ಕಾಫಿ, ಸಂಜೆಗೆ ಬೇಕರಿ ಬನ್ನು. ಜಾಸ್ತಿಯಾದ ಅನ್ನ, ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ, ಅಷ್ಟೇ. ಕುಡಿತವಿರುವ ಗಂಡಸರಲ್ಲಂತೂ ಟ್ರೈಗ್ಲಿಸರೈಡ್ ಇನ್ನೂ ಏರುತ್ತದೆ. ಡಾಕ್ಟರ್ ಹೇಳಿದಂತೆ ಅವಳು ಅನ್ನ ಅರ್ಧಕ್ಕೆ ಇಳಿಸಿದಳು, ಆ ಜಾಗಕ್ಕೆ ಹುರುಳಿಕಾಳು, ಹೆಸರುಕಾಳು, ಬಸ್ಸಾರಿನ ಸೊಪ್ಪು ಬಂತು. ಕಾಫಿಗೆ ಸಕ್ಕರೆ ನಿಂತಿತು. ದಿನಾ ಅರ್ಧ ಗಂಟೆ ನಡಿಗೆ. ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 180ಕ್ಕೆ ಇಳಿಯಿತು. ರಾಗಿ ಮುದ್ದೆ ಒಳ್ಳೆಯದೇ, ಆದರೆ ದೊಡ್ಡ ದೊಡ್ಡ ಎರಡು ಮುದ್ದೆ ಉಂಡರೆ ಅದೂ ಹಿಟ್ಟೇ ಅಲ್ವಾ?

ಮಾತ್ರೆ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ರಿಪೋರ್ಟ್ ನಾರ್ಮಲ್ ಬಂತು ಅಂತ ನಮ್ಮ ಯಜಮಾನರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿಬಿಟ್ಟಿದ್ದರು, ನನಗೂ ಹೇಳಿರಲಿಲ್ಲ. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ! ಎರಡು ತಿಂಗಳಲ್ಲಿ ಮತ್ತೆ ಮೊದಲಿನಷ್ಟೇ ಏರಿತ್ತು. ಕೈಕಾಲು ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಇಳಿಸುತ್ತಾರೆ ಅಥವಾ ಬೇರೆ ಮಾತ್ರೆ ಬರೆಯುತ್ತಾರೆ. ಅಪ್ಪನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನೂ ಡಾಕ್ಟರಿಗೆ ತಪ್ಪದೆ ಹೇಳಿ. ಬಿಪಿ, ಶುಗರ್, ಬೀಡಿ ಸಿಗರೇಟು ಎಲ್ಲ ಸೇರಿಸಿ ನೋಡಿಯೇ ಅವರು ನಿಮ್ಮ ಎಲ್‌ಡಿಎಲ್ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು. ಪಕ್ಕದ ಮನೆಯವರಿಗೆ 100 ಸಾಕಾದರೆ ಸ್ಟೆಂಟ್ ಹಾಕಿಸಿಕೊಂಡವರಿಗೆ 70ಕ್ಕಿಂತಲೂ ಕೆಳಗೆ ಬೇಕು.

ಎದೆ ಒತ್ತಿದ ಹಾಗೆ ಆಗಿ ಬೆವರು ಬಂದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಯಜಮಾನರಿಗೆ ನೋವು ಬಂದ ದಿನ ನಾವು ಹಾಗೆ ಮಾಡಿಯೇ ನಾಲ್ಕು ಗಂಟೆ ಕಳೆದುಕೊಂಡೆವು. ಹೆಂಗಸರಿಗೆ, ಶುಗರ್ ಇರುವವರಿಗೆ ಒಮ್ಮೊಮ್ಮೆ ಬರೀ ಸುಸ್ತು, ಉಸಿರುಕಟ್ಟು ಅಷ್ಟೇ ಇರುತ್ತದೆ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಹಳೆಯ ರಿಪೋರ್ಟು, ಮಾತ್ರೆ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ. ನಮ್ಮದು ಬಾಗಿಲ ಪಕ್ಕದ ಗೂಡಿನಲ್ಲಿದೆ, ಎಲ್ಲಿದೆ ಅಂತ ಆರು ವರ್ಷದ ಮೊಮ್ಮಗನಿಗೂ ಗೊತ್ತು.