ತೊಲೆ, ಹೆಂಚು, ಚಿಮಣಿ: ಊಟಿಯ ಹಳೇ ಕಟ್ಟಡಗಳನ್ನು ನಾನು ನೋಡುವ ಬಗೆ

ಮೈಸೂರು, ಚಾಮರಾಜನಗರದ ಕಡೆಯಿಂದ ಬರುವವರು ಕೆರೆ, ಸಸ್ಯೋದ್ಯಾನ ನೋಡಿ, ಊರ ನಡುವಿನ ಚಾರಿಂಗ್ ಕ್ರಾಸ್ ವೃತ್ತದ ಹತ್ತಿರ ಇಲ್ಲಿನ ಗರಿಗರಿ ತಿಂಡಿ ವರ್ಕಿ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಇನ್ನೂರು ವರ್ಷದ ಊರು ಅದೇ ರಸ್ತೆಗಳ ಮೇಲಿನ ದಿಬ್ಬಗಳಲ್ಲಿದೆ. ನೀಲಗಿರಿಯಲ್ಲೇ ಇರುವ ನಾನು ನೆಂಟರನ್ನು ಕರೆದುಕೊಂಡು ಹೋದಾಗ ಪ್ರತಿ ಕಟ್ಟಡದ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ: ಈ ಮರ, ಈ ಹೆಂಚು, ಈ ಕಬ್ಬಿಣ ಬೆಟ್ಟ ಹತ್ತಿದ್ದು ಹೇಗೆ? ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿಗೆ ಮುಟ್ಟಿದ್ದು 1908ರಲ್ಲಿ. ಅದಕ್ಕೂ ಹಿಂದೆ ಸುಮಾರು 2,240 ಮೀಟರ್ ಎತ್ತರಕ್ಕೆ ಬಂದ ಸಾಮಾನೆಲ್ಲ ದನ, ಗಾಡಿ, ಆಳುಗಳ ಹೆಗಲಿನ ಮೇಲೆ ಬಂದದ್ದು.

ಚಾರಿಂಗ್ ಕ್ರಾಸ್‌ನಿಂದ ಶುರುಮಾಡಬೇಡಿ. ಅಲ್ಲಿಂದ ಎಲ್ಲವೂ ಏರು, ವಾಹನಗಳ ನಡುವೆ ಅರ್ಧ ಶಕ್ತಿ ಮುಗಿಯುತ್ತದೆ. ಬಸ್ ನಿಲ್ದಾಣದಿಂದ ಆಟೋ ಹಿಡಿದು ‘ಆರ್ಟ್ಸ್ ಕಾಲೇಜ್’ ಎನ್ನಿ, ಎಂಟೂವರೆ ಒಂಬತ್ತಕ್ಕೆ ಅಲ್ಲಿರಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರಲ್ಲಿ ಕಟ್ಟಿಸಲು ತೊಡಗಿದ ಸ್ಟೋನ್ ಹೌಸ್ ಇರುವುದು ಆ ಕಾಲೇಜಿನ ಆವರಣದಲ್ಲಿ. ಊರವರಿಗೆ ಅದು ಕಲ್ ಬಂಗಲಾ. ಕಾವಲುಗಾರರನ್ನು ಕೇಳಿ ಹೊರಗಿನಿಂದ ನೋಡಿದರೆ ಸಾಕು. ದಾರಿ ಕೇಳಲು ತಮಿಳು ಬಾರದಿದ್ದರೆ ಚಿಂತೆಯಿಲ್ಲ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಇಲ್ಲಿನ ಬಡಗರ ಮನೆಯವರು ಸಿಕ್ಕರೆ ‘ಅಣ್ಣಾ’ ಎಂದು ನಿಧಾನವಾಗಿ ಕನ್ನಡದಲ್ಲೇ ಕೇಳಿ, ತಿಳಿಯುತ್ತದೆ.

ಅಲ್ಲಿಂದ ಇಳಿದು ಸೇಂಟ್ ಸ್ಟೀಫನ್ಸ್ ಚರ್ಚಿಗೆ. ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು ಎಂಬುದು ನನ್ನ ಹಟ. 1829ರಲ್ಲಿ ಅಡಿಗಲ್ಲು, 1830ರಲ್ಲಿ ಪ್ರತಿಷ್ಠೆ, 1831ರ ಈಸ್ಟರ್‌ಗೆ ಎಲ್ಲರಿಗೂ ತೆರೆಯಿತು. ಒಳಗಿನ ತೊಲೆಗಳು ಶ್ರೀರಂಗಪಟ್ಟಣದವು! ಟಿಪ್ಪುವಿನ ಲಾಲ್‌ಬಾಗ್ ಅರಮನೆಯನ್ನು ಕೆಡವಿದಾಗ ಸಿಕ್ಕ ಮರವನ್ನು ಇಲ್ಲಿಗೆ ಸಾಗಿಸಿದರು. ಇಂದಿನ ರಸ್ತೆಯಲ್ಲೂ ಅದು ನೂರಿಪ್ಪತ್ತು ಕಿಲೋಮೀಟರ್‌ಗಿಂತ ಹೆಚ್ಚು, ಕೊನೆಗೆ ಘಟ್ಟದ ಏರು. ಒಳಗೆ ಹೋದ ಕೂಡಲೇ ಕತ್ತಲೆ ಅನಿಸುತ್ತದೆ. ಹಿಂದಿನ ಬೆಂಚಿನಲ್ಲಿ ಐದು ನಿಮಿಷ ಕೂತು ಕಣ್ಣು ಹೊಂದಿದ ಮೇಲೆ ತಲೆಯೆತ್ತಿ. ಹಿಂದಿನ ಸ್ಮಶಾನದಲ್ಲಿ ಸಲಿವನ್‌ನ ಹೆಂಡತಿ ಮತ್ತು ಮಗಳ ಸಮಾಧಿಗಳಿವೆ. ಇಳಿಜಾರಿನ ಹುಲ್ಲು ಜಾರುತ್ತದೆ, ರಬ್ಬರ್ ಅಟ್ಟೆಯ ಶೂ ಬೇಕು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಆ ಹೊತ್ತು ಬಿಡಿ.

ಇನ್ನು ಕಟ್ಟಡ ಓದುವ ಕ್ರಮ. ಮೊದಲು ಕಿಟಕಿಯ ಪಕ್ಕದಲ್ಲಿ ಗೋಡೆಯ ದಪ್ಪವನ್ನು ಗೇಣಿನಿಂದ ಅಳೆಯಿರಿ. ಎರಡು ಗೇಣು ದಾಟಿ, ಮೂಲೆಗಳು ತುಸು ಗುಂಡಗಿದ್ದರೆ ಸುಣ್ಣದ ಗಾರೆಯ ಹಳೇ ಗೋಡೆ ಇರಬಹುದು. ಬುಡದಲ್ಲಿ ಬಣ್ಣ ಉಬ್ಬಿ ಹಪ್ಪಳದಂತೆ ಏಳುತ್ತಿದ್ದರೆ ಸಾಮಾನ್ಯವಾಗಿ ಮೇಲೆ ಸಿಮೆಂಟ್ ಬಳಿದಿದ್ದಾರೆ ಎಂದರ್ಥ: ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಈ ಮಂಜಿನ ಊರಿನಲ್ಲಿ ಹಳೇ ಗೋಡೆಗೆ ಸಿಮೆಂಟ್ ಹೊಡೆಯುವುದು ಕಟ್ಟಡವನ್ನು ಕೊಂದ ಹಾಗೆ. ಆಮೇಲೆ ಜಗಲಿಯಲ್ಲಿ ನಿಂತು ಹೆಂಚಿನ ಅಡಿಗೆ ಟಾರ್ಚ್ ಬಿಡಿ; ಕಾರ್ಖಾನೆಯ ಮುದ್ರೆ ಕಾಣಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಹಾಗಾಗಿ ಮಂಗಳೂರು ಹೆಂಚಿನ ಮಾಡು ಅದಕ್ಕಿಂತ ಹಳೆಯದಲ್ಲ. ಆದರೆ ಮಾಡು ನೋಡಿ ಗೋಡೆಯ ವಯಸ್ಸು ಹೇಳಬೇಡಿ, ಹೊದಿಕೆಯನ್ನು ಆಮೇಲೆ ಬದಲಿಸಿರುತ್ತಾರೆ. ಕೊನೆಗೆ ಚಿಮಣಿ, ಎಂದರೆ ಮಾಡಿನ ಮೇಲಿನ ಹೊಗೆಗೂಡು. ತುದಿಯಲ್ಲಿ ಎಷ್ಟು ಕೊಳವೆ ಇವೆಯೋ ಸಾಮಾನ್ಯವಾಗಿ ಒಳಗೆ ಅಷ್ಟೇ ಬೆಂಕಿಗೂಡು, ಎಂದರೆ ಬಿಸಿ ಮಾಡುತ್ತಿದ್ದ ಅಷ್ಟು ಕೋಣೆ.

ನೀಲಗಿರಿ ಲೈಬ್ರರಿಯನ್ನು ವಿನ್ಯಾಸ ಮಾಡಿದವರು ರಾಬರ್ಟ್ ಚಿಶೋಮ್, ಮದ್ರಾಸಿನ ಸೆನೆಟ್ ಹೌಸ್ ಕಟ್ಟಿಸಿದವರೇ. ಒಳಗೆ ಸದಸ್ಯರಿಗೆ ಮಾತ್ರ ಎಂದುಕೊಂಡೇ ಹೋಗಿ, ಕಚೇರಿಯಲ್ಲಿ ಮರ್ಯಾದೆಯಿಂದ ಕೇಳಿ ನೋಡಿ. ಸ್ನೂಕರ್ ಆಟದ ನಿಯಮಗಳನ್ನು ಮೊದಲು ಗೋಡೆಗೆ ಹಾಕಿದ ಊಟಿ ಕ್ಲಬ್ ಖಾಸಗಿ, ಗೇಟಿನಿಂದ ಕಂಡಷ್ಟೇ.

ಹಳೇ ಹೋಟೆಲಿನ ಒಳಗು ನೋಡಲು ರೂಮ್ ಹಿಡಿಯಬೇಕಾಗಿಲ್ಲ. ಚರ್ಚಿನ ಕಡೆಯೇ ಇರುವ ಸವಾಯ್‌ಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಟೀ ಹೇಳಿ. ಊಟದ ಹೊತ್ತಿನಲ್ಲಿ ಸಿಬ್ಬಂದಿಗೆ ಪುರುಸೊತ್ತಿಲ್ಲ, ಈ ಹೊತ್ತಿನಲ್ಲಿ ಕೇಳಿದರೆ ತೋರಿಸುವವರು ಸಿಗುತ್ತಾರೆ. ಕಾಟೇಜುಗಳ ಜಗಲಿ ಏರಬೇಡಿ, ಅಲ್ಲಿ ಅತಿಥಿಗಳಿರುತ್ತಾರೆ. ಮೈಸೂರು ಅರಸರ ಬೇಸಿಗೆ ಅರಮನೆಯಾಗಿದ್ದ ಫರ್ನ್‌ಹಿಲ್ ದೂರ, ಆಟೋ ಬೇಕು. ಬಿಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಹೊರಗಿನ ಫೋಟೋಗಳನ್ನು ಮಧ್ಯಾಹ್ನದೊಳಗೆ ಮುಗಿಸಿ. ಆಮೇಲೆ ಮಂಜು ಇಳಿದರೆ ಫ್ಲ್ಯಾಶ್ ಹಾಕಿದಷ್ಟೂ ಬರೀ ಬಿಳುಪು. ಚಳಿಯಿಂದ ಬೆಂಕಿ ಉರಿಯುವ ಕೋಣೆಗೆ ಹೋದಾಗ ಲೆನ್ಸ್ ಮಂಜಾಗುತ್ತದೆ, ಉಜ್ಜದೆ ಕ್ಯಾಮರಾವನ್ನು ಚೀಲದಲ್ಲೇ ಹತ್ತು ನಿಮಿಷ ಬಿಡಿ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಏಪ್ರಿಲ್ ಮೇಯಲ್ಲಿ ಜನವೋ ಜನ. ಸ್ವಂತ ಗಾಡಿಯಲ್ಲಿ ನೀಲಗಿರಿಗೆ ಬರಲು ಬೇಕಾದ ಇ-ಪಾಸ್ ಮೊದಲೇ ಮಾಡಿಸಿ. ನೀರಿಗೆ ಸ್ಟೀಲ್ ಬಾಟಲಿ ತನ್ನಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಇಲ್ಲಿ ನಿಷೇಧ. ಬಂಡೀಪುರದ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಆದ್ದರಿಂದ ಮೈಸೂರಿನ ಕಡೆಗೆ ಮರಳುವವರು ಐದಕ್ಕೆಲ್ಲ ಊಟಿ ಬಿಡಬೇಕು.