ಫ್ಯಾಕ್ಟೋರಿಯೊದಲ್ಲಿ ನಾಲ್ವರ ಕಾರ್ಖಾನೆ: ಹಸಿರು ಸರ್ಕ್ಯೂಟಿನ ಕೊರತೆಯನ್ನು ನಾನು ನೀಗಿಸಿದ ಬಗೆ

ಅದಿರು ತೆಗೆದು, ಸಾಗಣೆಯ ಬೆಲ್ಟು ಮತ್ತು ಮಷಿನ್‌ಗಳಿಂದ ತಾನೇ ಓಡುವ ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟವಾದ ಫ್ಯಾಕ್ಟೋರಿಯೊವನ್ನು ಒಂಟಿಯಾಗಿ ಆಡುವುದಕ್ಕೂ ಒಂದೇ ಸರ್ವರಿನಲ್ಲಿ ನಾಲ್ವರು ಸೇರಿ ಆಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಮನದಟ್ಟಾದದ್ದು, ಹಲವು ಸಾಮಗ್ರಿಗಳಿಗೆ ಬೇಕಾಗುವ ಬಿಡಿಭಾಗವಾದ ಹಸಿರು ಸರ್ಕ್ಯೂಟಿನ ಕೊರತೆ ಎದುರಾದಾಗ. ಒಂಟಿಯಾಗಿದ್ದಾಗ ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವ ಬೆಲ್ಟನ್ನು ಎಲ್ಲಿಗೆ ತಿರುಗಿಸಿದ್ದೇನೆ ಎಂಬುದೆಲ್ಲ ತಲೆಯಲ್ಲಿಯೇ ಇರುತ್ತದೆ. ನಾಲ್ವರಿದ್ದಾಗ ನಾನು ಅದಿರಿನ ಕಡೆ ಹೋಗಿ ಬರುವಷ್ಟರಲ್ಲಿ ಇನ್ನೊಬ್ಬರು ಬೆಲ್ಟಿಗೆ ಹೊಸ ಕವಲು ಹಾಕಿರುತ್ತಾರೆ, ಮತ್ತೊಬ್ಬರು ಕೈಗೆ ಸಿಕ್ಕಷ್ಟು ಪ್ಲೇಟ್ ಎತ್ತಿಕೊಂಡು ಗೋಡೆ ಕಾಯಲು ಹೊರಟಿರುತ್ತಾರೆ. ಸರ್ವರಿನಲ್ಲಿ ಒಬ್ಬರೇ ಒಬ್ಬರು ಇದ್ದರೂ ಕಾರ್ಖಾನೆ ಓಡುತ್ತಲೇ ಇರುವುದರಿಂದ, ರಾತ್ರಿ ನಾನು ಬಿಟ್ಟು ಹೋದ ಕಾರ್ಖಾನೆಯೂ ಮರುದಿನ ನಾನು ಕಾಣುವ ಕಾರ್ಖಾನೆಯೂ ಒಂದೇ ಆಗಿರುವುದಿಲ್ಲ. ನಾವು ಆಡುತ್ತಿದ್ದದ್ದು 1.1ನೆಯ ಆವೃತ್ತಿ, 2024ರ ಅಕ್ಟೋಬರಿನಲ್ಲಿ ಬಂದ 2.0ರಲ್ಲಿ ಕೆಲವು ಅಂಕಿಗಳು ಬದಲಾಗಿವೆಯಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮೊದಲ ಗುರಿ ನಿಮಿಷಕ್ಕೆ 60 ಕೆಂಪು ಸೈನ್ಸ್ ಪ್ಯಾಕ್ ಮತ್ತು 60 ಹಸಿರು ಸೈನ್ಸ್ ಪ್ಯಾಕ್, ಅಂದರೆ ಹೊಸ ತಂತ್ರಜ್ಞಾನದ ಸಂಶೋಧನೆಗೆ ಖರ್ಚಾಗುವ ವಸ್ತುಗಳು. ನಾನು ಯಾವಾಗಲೂ ಲೆಕ್ಕವನ್ನು ಕೊನೆಯಿಂದ ಆರಂಭಿಸಿ ಗಣಿಯವರೆಗೆ ಹಿಂದಕ್ಕೆ ಬರುತ್ತೇನೆ. ಕೆಂಪು ಪ್ಯಾಕಿಗೆ 5 ಸೆಕೆಂಡು, ಹಸಿರಿಗೆ 6 ಸೆಕೆಂಡು ಬೇಕು. ವಸ್ತುಗಳನ್ನು ಜೋಡಿಸಿ ತಯಾರಿಸುವ ಅಸೆಂಬ್ಲಿಂಗ್ ಮಷಿನ್ನಿನ ಮೊದಲ ದರ್ಜೆಯ ವೇಗ ಬರೀ 0.5 ಆದ್ದರಿಂದ ಈ ಅವಧಿ ದುಪ್ಪಟ್ಟಾಗುತ್ತದೆ. ಹಾಗಾಗಿ ಕೆಂಪಿಗೆ 10, ಹಸಿರಿಗೆ 12 ಮಷಿನ್‌ಗಳು ಬೇಕಾದವು. ಕೆಂಪು ಪ್ಯಾಕ್ ಒಂದಕ್ಕೆ ಒಂದು ತಾಮ್ರದ ಪ್ಲೇಟ್, ಒಂದು ಗೇರ್. ಹಸಿರಿಗೆ ಒಂದು ಇನ್ಸರ್ಟರ್ (ವಸ್ತುಗಳನ್ನು ಎತ್ತಿ ಇಡುವ ಯಾಂತ್ರಿಕ ಕೈ), ಒಂದು ಬೆಲ್ಟ್. ಇವೆಲ್ಲವನ್ನೂ ಪ್ಲೇಟುಗಳ ಮಟ್ಟಕ್ಕೆ ಇಳಿಸಿದಾಗ ಸೆಕೆಂಡಿಗೆ 7.5 ಕಬ್ಬಿಣ, 2.5 ತಾಮ್ರ ಎಂಬ ಉತ್ತರ ಬಂದಿತು. ಹಳದಿ ಬೆಲ್ಟು ಸೆಕೆಂಡಿಗೆ 15 ವಸ್ತುಗಳನ್ನು, ಅಂದರೆ ಒಂದೊಂದು ಸಾಲಿನಲ್ಲಿ 7.5ನ್ನು ಸಾಗಿಸುವುದರಿಂದ, ಸೈನ್ಸಿಗೆ ಬೇಕಾದ ಕಬ್ಬಿಣ ಸರಿಯಾಗಿ ಒಂದು ಸಾಲಿಗೆ ಹೊಂದಿತು. ಕಲ್ಲಿನ ಕುಲುಮೆ ಒಂದು ಪ್ಲೇಟಿಗೆ 3.2 ಸೆಕೆಂಡು ತೆಗೆದುಕೊಳ್ಳುವ ಕಾರಣ ಕಬ್ಬಿಣಕ್ಕೆ 24, ತಾಮ್ರಕ್ಕೆ 8 ಕುಲುಮೆ ಎಂದು ಬರೆದುಕೊಂಡೆವು. ಆಮೇಲೆ ಎರಡನ್ನೂ ಹೆಚ್ಚಿಸಿ, ಬೆಲ್ಟಿನ ಇನ್ನೊಂದು ಸಾಲನ್ನು ನಮ್ಮ ‘ಮಾಲ್‌’ಗೆ, ಎಂದರೆ ಬೆಲ್ಟು, ಇನ್ಸರ್ಟರ್, ಕಂಬ ಮುಂತಾದ ಕಟ್ಟಡ ಸಾಮಗ್ರಿಯನ್ನು ತಾನೇ ತಯಾರಿಸಿ ಪೆಟ್ಟಿಗೆಗಳಲ್ಲಿ ತುಂಬಿಡುವ ಭಾಗಕ್ಕೆ ಬಿಟ್ಟುಕೊಟ್ಟೆವು.

ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಹಸಿರು ಸೈನ್ಸ್ ನಿಮಿಷಕ್ಕೆ 30ರ ಆಸುಪಾಸಿನಲ್ಲಿ ತೆವಳುತ್ತಿತ್ತು, ಅದಕ್ಕೆ ಇನ್ಸರ್ಟರ್ ಮಾಡಿಕೊಡುವ ಮಷಿನ್ನುಗಳು ಸರ್ಕ್ಯೂಟಿಗಾಗಿ ಕಾಯುತ್ತ ನಿಂತಿದ್ದವು. ‘ತಾಮ್ರ ಸಾಲ್ತಾ ಇಲ್ಲ ಕಣೋ, ಇನ್ನೂ ಹತ್ತು ಡ್ರಿಲ್ ಹಾಕೋಣ’ ಎಂದು ಗೆಳೆಯನೊಬ್ಬ ಹೇಳಿ, ಹಾಕಿಯೂ ಬಿಟ್ಟ. ಅರ್ಧ ಗಂಟೆಯಲ್ಲಿ ತಾಮ್ರದ ಬೆಲ್ಟು ಕುಲುಮೆಯ ಬಾಯಿಯವರೆಗೆ ತುಂಬಿ ನಿಶ್ಚಲವಾಯಿತು. ಸರ್ಕ್ಯೂಟು ಮಾತ್ರ ಒಂದೂ ಹೆಚ್ಚಲಿಲ್ಲ. ನಿಂತ ಬೆಲ್ಟು ಎಂದರೆ ಮುಂದಿನವರು ತೆಗೆದುಕೊಳ್ಳುತ್ತಿಲ್ಲ ಎಂದರ್ಥ, ಆದ್ದರಿಂದ ತೊಂದರೆ ತಾಮ್ರದಿಂದ ಮುಂದೆ ಎಲ್ಲೋ ಇದೆ ಎಂದು ಆಗ ಖಚಿತವಾಯಿತು.

ಅಂದು ನಾನು ಬೇರೆ ಯಾವ ಕೆಲಸವನ್ನೂ ಮಾಡದೆ, ಆಲ್ಟ್ ಒತ್ತಿ ಪ್ರತಿ ಮಷಿನ್ನಿನ ಮೇಲೆ ಏನು ತಯಾರಾಗುತ್ತಿದೆ ಎಂಬ ಚಿಹ್ನೆ ಕಾಣುವಂತೆ ಮಾಡಿಕೊಂಡು, ಸರ್ಕ್ಯೂಟಿನ ಬ್ಲಾಕಿನ ಮುಂದೆಯೇ ನಿಂತೆ. ಸರ್ಕ್ಯೂಟ್ ಒಂದಕ್ಕೆ ಒಂದು ಕಬ್ಬಿಣದ ಪ್ಲೇಟ್ ಮತ್ತು ಮೂರು ತಾಮ್ರದ ತಂತಿ ಬೇಕು. ಒಂದು ತಾಮ್ರದ ಪ್ಲೇಟಿನಿಂದ ಎರಡು ತಂತಿ ಬರುತ್ತದೆ. ಪ್ಲೇಟಿಗಿಂತ ತಂತಿಯ ಸಂಖ್ಯೆ ಹೆಚ್ಚಾದ್ದರಿಂದ ತಂತಿಯನ್ನು ಬೆಲ್ಟಿಗೆ ಹಾಕುವುದು ದಂಡ ಎಂದು ತಿಳಿದೇ ನಾವು ಮೂರು ತಂತಿಯ ಮಷಿನ್‌ಗಳ ಎದುರಿಗೆ ಎರಡು ಸರ್ಕ್ಯೂಟಿನ ಮಷಿನ್‌ಗಳನ್ನಿಟ್ಟು, ನಡುವೆ ಇನ್ಸರ್ಟರ್‌ಗಳು ನೇರವಾಗಿ ತಂತಿ ದಾಟಿಸುವಂತೆ ಜೋಡಿಸಿದ್ದೆವು. ಮೂರಕ್ಕೆ ಎರಡು ಎಂಬ ಈ ಪ್ರಮಾಣ ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ನಾನು ಕಂಡದ್ದು ಬೇರೆ. ತಂತಿಯ ಮಷಿನ್ ತಯಾರಿಸಿದ್ದನ್ನು ಇಡಲು ಜಾಗವಿಲ್ಲದೆ ನಿಂತಿದೆ, ಒಂದೇ ಚೌಕದಷ್ಟು ದೂರದಲ್ಲಿರುವ ಸರ್ಕ್ಯೂಟಿನ ಮಷಿನ್ ತಂತಿಯಿಲ್ಲದೆ ನಿಂತಿದೆ, ಇವೆರಡರ ನಡುವೆ ಒಂದು ಹಳದಿ ಇನ್ಸರ್ಟರ್ ಒಂದೊಂದೇ ತಂತಿಯನ್ನು ಎತ್ತಿ, ತಿರುಗಿ, ಇಟ್ಟು, ಮತ್ತೆ ಹಿಂದಿರುಗುತ್ತಿದೆ.

ಹಳದಿ ಇನ್ಸರ್ಟರ್ ಸೆಕೆಂಡಿಗೆ ಸುಮಾರು 0.83 ವಸ್ತುಗಳನ್ನಷ್ಟೇ ದಾಟಿಸುತ್ತದೆ. ನಮ್ಮ ಸರ್ಕ್ಯೂಟಿನ ಮಷಿನ್ ಪೂರ್ಣ ವೇಗದಲ್ಲಿ ಓಡಬೇಕಾದರೆ ಸೆಕೆಂಡಿಗೆ ಮೂರು ತಂತಿ ಬೇಕು, ಅದಕ್ಕಿದ್ದ ಎರಡು ಇನ್ಸರ್ಟರ್‌ಗಳು ಸೇರಿ ಕೊಡುತ್ತಿದ್ದದ್ದು 1.66. ಅಂದರೆ ನಿಮಿಷಕ್ಕೆ 120 ಸರ್ಕ್ಯೂಟು ಕೊಡಬೇಕಿದ್ದ ಬ್ಲಾಕು 66ರಲ್ಲಿ ನಿಂತುಬಿಟ್ಟಿತ್ತು. ‘ಪಿ’ ಒತ್ತಿ ಉತ್ಪಾದನೆಯ ಪಟ್ಟಿ ತೆರೆದು ನೋಡಿದಾಗ ಅಲ್ಲಿಯೂ ಬಹುತೇಕ ಅದೇ ಅಂಕಿ ಕಂಡಿತು. ಮಷಿನ್‌ಗಳ ಪ್ರಮಾಣವನ್ನು ಬಾಯಿಪಾಠ ಮಾಡುವವರು ಅವುಗಳ ನಡುವಿನ ಕೈಗಳ ವೇಗವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ನಾನೂ ಅದುವರೆಗೆ ಹಿಡಿದಿರಲಿಲ್ಲ.

ನೀಲಿ ಬಣ್ಣದ ಫಾಸ್ಟ್ ಇನ್ಸರ್ಟರ್ ಸೆಕೆಂಡಿಗೆ 2.31 ದಾಟಿಸುತ್ತದೆ. ಅದನ್ನು ತಯಾರಿಸಲು ಒಂದು ಸಾಮಾನ್ಯ ಇನ್ಸರ್ಟರ್, ಎರಡು ಕಬ್ಬಿಣದ ಪ್ಲೇಟ್, ಎರಡು ಹಸಿರು ಸರ್ಕ್ಯೂಟ್ ಬೇಕಾದ್ದರಿಂದ, ಸರ್ಕ್ಯೂಟಿನ ಕೊರತೆ ನೀಗಿಸಲು ಮೊದಲು ಸರ್ಕ್ಯೂಟನ್ನೇ ಹೊಂದಿಸಬೇಕಾಯಿತು. ತಂತಿ ದಾಟಿಸುವ ನಾಲ್ಕೂ ಇನ್ಸರ್ಟರ್‌ಗಳನ್ನು ಬದಲಿಸಿದೊಡನೆ ಉತ್ಪಾದನೆ 100ರ ಹತ್ತಿರ ಏರಿ ಅಲ್ಲಿಯೇ ನಿಂತಿತು. ಈ ಬಾರಿ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ: ಕಬ್ಬಿಣದ ಪ್ಲೇಟನ್ನು ಒಳಗೆ ಹಾಕುವ ಕೈಯೂ, ತಯಾರಾದ ಸರ್ಕ್ಯೂಟನ್ನು ಹೊರಗೆ ತೆಗೆಯುವ ಕೈಯೂ ಇನ್ನೂ ಹಳದಿಯಾಗಿದ್ದವು, ಅವೆರಡೂ ಸೆಕೆಂಡಿಗೆ ಒಂದರ ವೇಗವನ್ನು ಮುಟ್ಟುತ್ತಿರಲಿಲ್ಲ. ಅವನ್ನೂ ಬದಲಿಸಿದ ಮೇಲೆ ಪಟ್ಟಿಯಲ್ಲಿ 120 ಮೂಡಿತು. ಅದನ್ನು ಕಂಡಾಗ ನನಗಾದ ಸಂತೋಷ, ಆಟದ ಕೊನೆಯ ಗುರಿಯಾದ ರಾಕೆಟ್ ಹಾರಿಸಿದಾಗ ಆದದ್ದಕ್ಕಿಂತ ಕಡಿಮೆಯದಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಸೈನ್ಸಿಗೆ ಬೇಕಿದ್ದದ್ದು ನಿಮಿಷಕ್ಕೆ 60 ಸರ್ಕ್ಯೂಟು. ಹಳೆಯ 66ರಲ್ಲಿಯೂ ಅದು ಸಾಲಬೇಕಿತ್ತಲ್ಲವೇ? ಸರ್ಕ್ಯೂಟಿನ ಬೆಲ್ಟು ಸೈನ್ಸಿಗಿಂತ ಮೊದಲು ಮಾಲನ್ನು ಹಾದುಹೋಗುತ್ತಿತ್ತು, ಅಲ್ಲಿ ಇನ್ಸರ್ಟರ್ ತುಂಬುವ ಕಬ್ಬಿಣದ ಪೆಟ್ಟಿಗೆಗೆ ಯಾರೂ ಮಿತಿ ಹಾಕಿರಲಿಲ್ಲ. ಆ ಪೆಟ್ಟಿಗೆಯಲ್ಲಿ 32 ಖಾನೆಗಳು, ಖಾನೆಗೆ 50 ಇನ್ಸರ್ಟರ್. ಅದು ತುಂಬುವವರೆಗೆ 1600 ಸರ್ಕ್ಯೂಟನ್ನು ನುಂಗುತ್ತದೆ. ಪಕ್ಕದ ಬೆಲ್ಟಿನ ಪೆಟ್ಟಿಗೆಯಲ್ಲಿ ಖಾನೆಗೆ ನೂರರಂತೆ 3200 ಬೆಲ್ಟು ಹಿಡಿಯುತ್ತದೆ, ಅದಕ್ಕೆ ತಗಲುವುದು 4800 ಕಬ್ಬಿಣದ ಪ್ಲೇಟು. ಗೆಳೆಯರು ಬಂದು ಹಿಡಿ ತುಂಬ ಎತ್ತಿಕೊಂಡಾಗಲೆಲ್ಲ ಪೆಟ್ಟಿಗೆ ಮತ್ತೆ ಹಸಿಯುತ್ತಿತ್ತು. ಪೆಟ್ಟಿಗೆಯೊಳಗಿನ ಕೆಂಪು ಗುರುತಿನಿಂದ ಖಾನೆಗಳನ್ನು ಮುಚ್ಚಿ, ಬೆಲ್ಟಿಗೆ ನಾಲ್ಕು, ಇನ್ಸರ್ಟರ್‌ಗೆ ಎರಡು ಖಾನೆ ಮಾತ್ರ ಬಿಟ್ಟೆವು. ಇದಕ್ಕೆ ಒಬ್ಬ ಗೆಳೆಯ ಒಪ್ಪಲಿಲ್ಲ, ದೊಡ್ಡ ಕಟ್ಟಡ ಕೆಲಸಕ್ಕೆ ನೂರು ಇನ್ಸರ್ಟರ್ ಸಾಲದು ಎಂಬುದು ಅವನ ವಾದ. ಅವನ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ದೊಡ್ಡ ಕೆಲಸಕ್ಕೆ ಇಳಿಯುವವರು ಹಿಂದಿನ ದಿನವೇ ತಿಳಿಸಿ ಆ ಒಂದು ರಾತ್ರಿಗೆ ಮಿತಿಯನ್ನು ಏರಿಸುವುದೆಂದು ತೀರ್ಮಾನಿಸಿದೆವು.

ಸರ್ಕ್ಯೂಟು ಧಾರಾಳವಾಗಿ ಸಿಗತೊಡಗಿದ್ದೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಎರಡನೆಯ ದರ್ಜೆಯ ಮಷಿನ್ ಒಂದಕ್ಕೆ ಮೂರು ಸರ್ಕ್ಯೂಟು ಬೇಕು. ಈಗ ಅವಕ್ಕೆ ಬರವಿಲ್ಲವೆಂದು ಗೆಳೆಯರು ಒಂದೇ ಸಂಜೆಯಲ್ಲಿ ಐವತ್ತರಷ್ಟು ಮಷಿನ್‌ಗಳನ್ನು ಮೇಲ್ದರ್ಜೆಗೆ ಏರಿಸಿದರು. ಅದರ ವೇಗ 0.5ರಿಂದ 0.75ಕ್ಕೆ ಏರುತ್ತದೆಯಾದರೂ ವಿದ್ಯುತ್ತು 75 ಕಿಲೋವ್ಯಾಟಿನಿಂದ 150ಕ್ಕೆ ಜಿಗಿಯುತ್ತದೆ. ಐದು ಬಾಯ್ಲರ್, ಹತ್ತು ಸ್ಟೀಮ್ ಎಂಜಿನ್‌ಗಳಿಂದ ನಮಗಿದ್ದದ್ದು 9 ಮೆಗಾವ್ಯಾಟ್ ಮಾತ್ರ, ಅದು ಮೊದಲೇ ಅಂಚಿನಲ್ಲಿತ್ತು. ವಿದ್ಯುತ್ತು ಕಡಿಮೆಯಾದೊಡನೆ ಕಲ್ಲಿದ್ದಲು ತೆಗೆಯುವ ಡ್ರಿಲ್ಲುಗಳು ನಿಧಾನವಾದವು, ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಇನ್ಸರ್ಟರ್‌ಗಳೂ ನಿಧಾನವಾದವು, ಅದರಿಂದ ವಿದ್ಯುತ್ತು ಇನ್ನಷ್ಟು ಕುಸಿಯಿತು. ನಾನು ಒಳಬರುವ ಹೊತ್ತಿಗೆ ಇಡೀ ಕಾರ್ಖಾನೆ ಕತ್ತಲಲ್ಲಿತ್ತು.

ಕಾರ್ಖಾನೆಗೆ ಹೋಗುವ ಒಂದು ವಿದ್ಯುತ್ ಕಂಬವನ್ನು ಕಿತ್ತು ಹೊರೆಯನ್ನು ಕಳಚಿದೆ, ಬಾಯ್ಲರುಗಳಿಗೆ ಕೈಯಾರೆ ಕಲ್ಲಿದ್ದಲು ಹಾಕಿದೆ, ಎಂಜಿನ್‌ಗಳು ಚೇತರಿಸಿಕೊಂಡ ಮೇಲೆ ಒಂದೊಂದೇ ಭಾಗವನ್ನು ಜೋಡಿಸಿದೆ. ಆಮೇಲೆ ಬಾಯ್ಲರಿನ ಮುಂದಿನ ಇನ್ಸರ್ಟರ್‌ಗಳನ್ನೆಲ್ಲ ತೆಗೆದು ಬರ್ನರ್ ಇನ್ಸರ್ಟರ್ ಹಾಕಿದೆವು. ತಾನು ಎತ್ತುವ ಕಲ್ಲಿದ್ದಲಿನಿಂದಲೇ ತನ್ನ ಉರಿಯನ್ನೂ ನೋಡಿಕೊಳ್ಳುವ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಕಲ್ಲಿದ್ದಲಿನ ಡ್ರಿಲ್ಲುಗಳಿಗೆ ಒಂದು ಬಾಯ್ಲರ್, ಎರಡು ಎಂಜಿನ್‌ಗಳ ಪ್ರತ್ಯೇಕ ಜಾಲವನ್ನು ಕಟ್ಟಿ, ಅದನ್ನು ಕಾರ್ಖಾನೆಯ ಯಾವ ಕಂಬಕ್ಕೂ ತಾಗಿಸಬಾರದೆಂದು ನಕ್ಷೆಯ ಮೇಲೆ ಗುರುತು ಹಾಕಿದೆವು. ಒಂದು ಪಂಪಿಗೆ 20 ಬಾಯ್ಲರ್, 40 ಎಂಜಿನ್ ಎಂಬ 1.1ರ ಪೂರ್ಣ ಪ್ರಮಾಣಕ್ಕೆ ಬಾಯ್ಲರ್ ಸಾಲನ್ನು ಬೆಳೆಸಿದಾಗ 36 ಮೆಗಾವ್ಯಾಟ್ ಆಯಿತು.

ನಂತರದ ಹೆಜ್ಜೆ ನೀಲಿ ಸೈನ್ಸ್. ಈ ಸಲ ಒಂದು ಮಷಿನ್ನನ್ನೂ ನೆಲಕ್ಕಿಡುವ ಮೊದಲು ನಾಲ್ವರೂ ಕೂತು ಹಿಂದಕ್ಕೆ ಲೆಕ್ಕ ಹಾಕಿದೆವು. ಮೂರು ಕೆಂಪು ಸರ್ಕ್ಯೂಟ್, ಎರಡು ಎಂಜಿನ್ ಯೂನಿಟ್, ಒಂದು ಗಂಧಕ ಇಷ್ಟೂ ಸೇರಿ ಎರಡು ಪ್ಯಾಕ್ ಬರುತ್ತದೆ. ನಿಮಿಷಕ್ಕೆ 60 ಬೇಕಾದರೆ 90 ಕೆಂಪು ಸರ್ಕ್ಯೂಟ್, ಒಂದೊಂದಕ್ಕೂ ಎರಡು ಹಸಿರಿನಂತೆ 180 ಹಸಿರು ಸರ್ಕ್ಯೂಟ್. ಮೇಲ್ದರ್ಜೆಗೆ ಏರಿದ ನಮ್ಮ ಬ್ಲಾಕಿನ ಪೂರ್ಣ ಉತ್ಪಾದನೆಯೂ ನಿಮಿಷಕ್ಕೆ ಸರಿಯಾಗಿ 180 ಆಗಿದ್ದರಿಂದ, ಅದನ್ನೆಲ್ಲ ನೀಲಿಗೆ ಕೊಟ್ಟರೆ ಹಸಿರು ಸೈನ್ಸಿಗೆ ಒಂದೂ ಉಳಿಯುತ್ತಿರಲಿಲ್ಲ. ಆದ್ದರಿಂದ ಎರಡನೆಯ ಬ್ಲಾಕನ್ನು ಮಾಲಿನ ಬೆಲ್ಟಿಗೆ ತಾಗದಂತೆ ಬೇರೆಡೆ ಕಟ್ಟಿದೆವು, ಅದರಲ್ಲಿ ಮೊದಲ ದಿನದಿಂದಲೇ ಎಲ್ಲ ಇನ್ಸರ್ಟರ್‌ಗಳೂ ನೀಲಿಯವು.